ಅಡಿಕೆ ಸೋಗೆ ಹಳದಿಯಾಯಿತೇ? ಗೊಬ್ಬರದಂಗಡಿಗೆ ಹೋಗುವ ಮೊದಲು ಬೋರಿನ ನೀರು ನೋಡಿ

ನಮ್ಮ ತೋಟ ಇರುವುದು ಹೊಳಲ್ಕೆರೆಗೂ ಭೀಮಸಮುದ್ರಕ್ಕೂ ನಡುವೆ. ಎರಡೂವರೆ ಎಕರೆ ಅಡಿಕೆ. 2013ರಲ್ಲಿ ಸಸಿ ಇಟ್ಟೆವು. 2020ರ ಹೊತ್ತಿಗೆ ಹಿಂಗಾರ ಬಿಟ್ಟು, ಇನ್ನೇನು ನಾಲ್ಕು ಕಾಸು ಕಾಣಬೇಕು ಅನ್ನುವಾಗ ತಗ್ಗಿನ ಕಡೆಯ ಹತ್ತು ಸಾಲು ಹಳದಿ ಹೊಡೆಯಿತು. ಸೋಗೆಯ ತುದಿ ಸುಟ್ಟ ಹಾಗೆ ಕಂದು ಬಣ್ಣ. ಸುಳಿ ಹತ್ತಿರದ ಹೊಸ ಗರಿಗಳು ಬಿಳಿಚಿಕೊಂಡು, ನರ ಮಾತ್ರ ಹಸಿರು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ಅಂಗಡಿಯಲ್ಲಿ ತೋರಿಸಿದೆ. ಲಘು ಪೋಷಕಾಂಶದ ಪೊಟ್ಟಣ ಕೊಟ್ಟರು. ಸಿಂಪಡಿಸಿದೆ. ಎರಡು ತಿಂಗಳು ಹಸಿರಾಯಿತು, ಆಮೇಲೆ ಮತ್ತೆ ಹಳದಿ. ಇನ್ನೊಂದು ಕಡೆ ಕೇಳಿದೆ, ಇನ್ನೊಂದು ಡಬ್ಬ ಬಂತು. ಹೀಗೇ ಎರಡು ವರ್ಷ ಹೋಯಿತು. ದೋಷ ಇದ್ದದ್ದು ನೀರಿನಲ್ಲಿ. ಆ ನೀರು ಮಣ್ಣನ್ನು ಕೆಡಿಸಿತ್ತು, ಕೆಟ್ಟ ಮಣ್ಣು ಬೇರಿಗೆ ಕಬ್ಬಿಣಾಂಶ ಬಿಟ್ಟುಕೊಡುತ್ತಿರಲಿಲ್ಲ. ನಾನು ಸರಪಳಿಯ ಕೊನೆಯ ಕೊಂಡಿ ಹಿಡಿದು ಎಳೆಯುತ್ತಿದ್ದೆ.

ಚಿತ್ರದುರ್ಗ, ದಾವಣಗೆರೆ ಕಡೆ ಬೋರು ನಂಬಿ ಅಡಿಕೆ ಕಟ್ಟಿದವರು ಈ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತೋಟ ಸುತ್ತಿ, ಎಲೆ ಆಮೇಲೆ ನೋಡಿ

ಒಂದು ಹಾಳೆ ಮೇಲೆ ತೋಟದ ನಕ್ಷೆ ಬರೆದುಕೊಳ್ಳಿ. ಹಳದಿ ಎಲ್ಲೆಲ್ಲಿದೆಯೋ ಅಲ್ಲಿ ಗುರುತು ಹಾಕಿ. ಅರ್ಧ ಗಂಟೆಯ ಕೆಲಸ. ಇದರಿಂದ ಅರ್ಧ ಉತ್ತರ ಸಿಗುತ್ತದೆ.

ಅಲ್ಲೊಂದು ಇಲ್ಲೊಂದು ಮರ ಮಾತ್ರ ಹಳದಿಯಾಗಿದ್ದರೆ ಅದು ಬಹುತೇಕ ಆ ಮರದ್ದೇ ಸಮಸ್ಯೆ. ಬುಡ ನೋಡಿ. ಕಾಂಡದ ಕೆಳಗಡೆ ಕಂದು ರಸ ಒಸರಿದ್ದರೆ ಅಣಬೆ ರೋಗ. ಬೇರು ಕಡಿದಂತಿದ್ದರೆ ಗೊಣ್ಣೆ ಹುಳ. ಇವೆರಡಕ್ಕೂ ದಾರಿಯೇ ಬೇರೆ, ತೋಟಗಾರಿಕೆ ಇಲಾಖೆಯವರನ್ನು ಕರೆಸಿ ತೋರಿಸಿ.

ತಗ್ಗಿನಲ್ಲಿ ಪಟ್ಟೆಯಾಗಿ ಹಳದಿ ಬಂದಿದ್ದರೆ, ಅಥವಾ ಒಂದು ಬೋರಿನ ನೀರು ಹೋಗುವ ಭಾಗ ಮಾತ್ರ ಹಳದಿಯಾಗಿ ಇನ್ನೊಂದು ಬೋರಿನ ಭಾಗ ಚೆನ್ನಾಗಿದ್ದರೆ, ನೀರು ಮತ್ತು ಮಣ್ಣಿನ ಕಡೆ ತಿರುಗಿ. ನಮ್ಮಲ್ಲಿ ಹೀಗೇ ಇತ್ತು. ಮೇಲಿನ ಸಾಲುಗಳಿಗೆ ಹಳೇ ಬೋರು, ತಗ್ಗಿಗೆ 2018ರಲ್ಲಿ ಕೊರೆಸಿದ ಹೊಸ ಬೋರು. ಕಣ್ಣೆದುರೇ ಇದ್ದರೂ ಎರಡು ವರ್ಷ ನನಗೆ ಹೊಳೆಯಲಿಲ್ಲ.

ಈಗ ಎಲೆ ನೋಡಿ. ಕೆಳಗಿನ ಹಳೇ ಸೋಗೆ ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು. ಹಳೇ ಸೋಗೆಯ ತುದಿ, ಅಂಚು ಸುಟ್ಟರೆ ಉಪ್ಪು ಜಾಸ್ತಿ ಇರಬಹುದು, ಇಲ್ಲವೇ ಪೊಟ್ಯಾಷ್ ಕಡಿಮೆ. ಹೊಸ ಗರಿ ಬಿಳಿಚಿ ನರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಆದರೆ ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಇಂಥ ಮಣ್ಣಿನಲ್ಲಿ ನಿಂತ ಮರಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂದರೆ ಯಾವುದೋ ಅದನ್ನು ಕಟ್ಟಿಹಾಕಿದೆ ಅಂತ ಅರ್ಥ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿದಾಗ ಆಗುವುದು ಇದೇ.

ಒಂದು ಸೂಕ್ಷ್ಮ ಇದೆ, ಇದನ್ನು ತುಂಬ ಜನ ತಪ್ಪು ತಿಳಿಯುತ್ತಾರೆ. ಒಳ್ಳೆ ಮಳೆ ಬಂದ ಮೇಲೆ ತೋಟ ಸುಧಾರಿಸಬೇಕು, ಅಲ್ವಾ? ಮಳೆಯಾದ ಹದಿನೈದು ದಿನಕ್ಕೆ ಹಳದಿ ಇನ್ನೂ ಜಾಸ್ತಿಯಾದರೆ ಅದು ದೊಡ್ಡ ಸುಳಿವು. ಸೋಡಿಯಂ ಸೇರಿದ ಮಣ್ಣಿನ ಮೇಲೆ ಶುದ್ಧ ಮಳೆನೀರು ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಮೇಲೆ ನಿಲ್ಲುತ್ತದೆ, ಕೆಳಗೆ ಬೇರಿಗೆ ಉಸಿರು ಕಟ್ಟುತ್ತದೆ.

ಅಡಿಗೆಮನೆ ಹೇಳಿದ ಸತ್ಯ

ಹೊಸ ಬೋರಿಗೆ 720 ಅಡಿಗೆ ನೀರು ಬಿತ್ತು. ಅಪ್ಪನ ಕಾಲದ ಬಾವಿ 45 ಅಡಿ, ಮೊದಲ ಬೋರು 280 ಅಡಿ. ಹೊಸ ನೀರು ಮನೆಗೆ ಬಂದ ವಾರದಲ್ಲಿ ಅಮ್ಮ ಖುಷಿಯಾಗಿದ್ದಳು. "ಈ ನೀರಲ್ಲಿ ಬೇಳೆ ಬೇಗ ಬೇಯುತ್ತೆ, ಸೋಪು ಎಷ್ಟು ನೊರೆ ಬರುತ್ತೆ ನೋಡು" ಅಂದಳು. ಅನ್ನ ಮಾತ್ರ ಸ್ವಲ್ಪ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು. ಅಕ್ಕಿ ಬದಲಾಗಿದೆ ಅಂದುಕೊಂಡೆವು.

ತೋಟಕ್ಕೆ ತೊಂದರೆ ಕೊಡುವ ನೀರು ಎರಡು ಬಗೆ. ಒಂದು ಗಡಸು ನೀರು. ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ, ಡ್ರಿಪ್ ತೂತಿನ ಸುತ್ತ ಬಿಳಿ ಸುಣ್ಣ ಕಟ್ಟುತ್ತದೆ. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಡ್ರಿಪ್ಪಿಗೆ ಕಾಟ, ಆದರೆ ಮಣ್ಣಿನ ಕಟ್ಟನ್ನು ಬಿಡಿಸುವುದಿಲ್ಲ. ಇನ್ನೊಂದು ಮೆದು ನೀರು, ಮುಟ್ಟಿದರೆ ಜಾರುವ ನೀರು. ಇದರಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ. ಅಂದರೆ ಅಡಿಗೆ ಸೋಡವೇ ಕರಗಿದ ನೀರು. ಬೇಳೆ ಬೇಗ ಬೆಂದದ್ದು, ಅನ್ನ ಹಳದಿಯಾದದ್ದು ಅದಕ್ಕೇ. ಮನೆಗೆ "ಒಳ್ಳೆ ನೀರು" ಅನಿಸುವ ಇದೇ ನೀರು ತೋಟದ ಮಣ್ಣನ್ನು ವರ್ಷ ವರ್ಷ ಕರಲು (ಸೋಡಿಯಂ ಸೇರಿ ಕೆಟ್ಟ ಕ್ಷಾರ ಮಣ್ಣು) ಮಾಡುತ್ತದೆ. ಗಡಸು ನೀರಿಗೆ ಎಲ್ಲರೂ ಹೆದರುತ್ತಾರೆ, ಇದಕ್ಕೆ ಯಾರೂ ಹೆದರುವುದಿಲ್ಲ.

ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಬಿರುಕಿನಲ್ಲಿ ಜಾಸ್ತಿ ಕಾಲ ನಿಂತಿರುತ್ತದೆ. ಜಾಸ್ತಿ ಕಾಲ ನಿಂತಷ್ಟೂ ಕಲ್ಲಿನ ಲವಣ ಜಾಸ್ತಿ ಕರಗುತ್ತದೆ. ಹಾಗಾಗಿ ಹೊಸದಾಗಿ ಆಳದ ಬೋರು ಕೊರೆಸಿದ ಎರಡು ಮೂರು ವರ್ಷಕ್ಕೆ ತೋಟ ಬಣ್ಣ ಬದಲಿಸಿತು ಅಂದರೆ ನಾನು ಮೊದಲು ಕೇಳುವ ಪ್ರಶ್ನೆ, "ಎಷ್ಟು ಅಡಿಗೆ ನೀರು?"

ಖರ್ಚಿಲ್ಲದ ಮೂರು ಪರೀಕ್ಷೆ

ಹೆಂಟೆ ಪರೀಕ್ಷೆ ನನಗೆ ತುಂಬ ಇಷ್ಟ. ಬುಡದಿಂದ ಎರಡು ಅಡಿ ದೂರ, ಅರ್ಧ ಅಡಿ ಆಳದ ಮಣ್ಣು ತೆಗೆದು ನೆರಳಲ್ಲಿ ಒಣಗಿಸಿ. ಕಡಲೆಕಾಳಿನಷ್ಟು ಹೆಂಟೆಯನ್ನು ಗಾಜಿನ ಲೋಟದಲ್ಲಿ ಮೆಲ್ಲಗೆ ಬಿಡಿ. ಲೋಟದಲ್ಲಿ ಮಳೆನೀರು ಇರಬೇಕು, ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಬೋರಿನ ನೀರು ಬೇಡ, ಪರೀಕ್ಷೆ ಸುಳ್ಳಾಗುತ್ತದೆ. ಅಲ್ಲಾಡಿಸಬೇಡಿ. ಎರಡು ಗಂಟೆ ಬಿಟ್ಟು ನೋಡಿ, ಮರುದಿನ ಇನ್ನೊಮ್ಮೆ ನೋಡಿ. ಹೆಂಟೆ ಉದುರಿ ಪುಡಿಯಾದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಗಾಬರಿ ಬೇಡ. ಹೆಂಟೆಯ ಸುತ್ತ ಮೋಡದ ಹಾಗೆ ಕದಡಿ, ನೀರು ರಾಗಿ ಗಂಜಿಯಂತೆ ಆದರೆ ಮಣ್ಣಿನಲ್ಲಿ ಸೋಡಿಯಂ ಕೂತಿದೆ. ನಾನು ಎರಡು ಲೋಟ ಪಕ್ಕಪಕ್ಕ ಇಟ್ಟಿದ್ದೆ. ಮೇಲಿನ ಸಾಲಿನ ಲೋಟದಲ್ಲಿ ಆಚೆ ಬದಿಯ ಕಿಟಕಿ ಕಾಣುತ್ತಿತ್ತು. ತಗ್ಗಿನ ಸಾಲಿನ ಲೋಟ ಮಾರನೇ ದಿನವೂ ತಿಳಿಯಾಗಲಿಲ್ಲ.

ಎರಡನೆಯದು ಇಂಗುವ ಪರೀಕ್ಷೆ. ಆರಿಂಚಿನ ಪಿವಿಸಿ ಪೈಪಿನ ತುಂಡನ್ನು ಮೂರಿಂಚು ಮಣ್ಣಿಗೆ ಇಳಿಸಿ. ಒಳಗೆ 450 ಮಿ.ಲೀ. ನೀರು ಹಾಕಿದರೆ ಅದು ಸುಮಾರು ಒಂದಿಂಚು ಮಳೆಗೆ ಸಮ. ಮೊದಲ ಸಲದ್ದು ಒಣ ಮಣ್ಣು ಕುಡಿಯುತ್ತದೆ, ಅದನ್ನು ಬಿಡಿ. ಎರಡನೇ ಸಲ ಹಾಕಿ ಗಡಿಯಾರ ನೋಡಿ. ನಮ್ಮ ಮೇಲಿನ ಸಾಲಿನಲ್ಲಿ 20 ನಿಮಿಷಕ್ಕೆ ಇಂಗಿತು. ತಗ್ಗಿನಲ್ಲಿ ಮೂರು ಗಂಟೆಯಾದರೂ ಪೈಪಿನಲ್ಲಿ ನೀರು ಮಿನುಗುತ್ತಿತ್ತು.

ಮೂರನೆಯದು ನೆಲದ ಮೇಲಿನ ಬಿಳಿ ಪೊರೆಯದ್ದು. ಸ್ವಲ್ಪ ಕೆರೆದು ನೀರಿಗೆ ಹಾಕಿ. ಪೂರ್ತಿ ಕರಗಿದರೆ ಉಪ್ಪು. ಕರಗದೆ ಉಳಿದದ್ದಕ್ಕೆ ನಿಂಬೆರಸ ಬಿಟ್ಟಾಗ ಗುಳ್ಳೆ ಬಂದರೆ ಸುಣ್ಣ. ಎರಡಕ್ಕೂ ಉಪಾಯ ಬೇರೆ ಬೇರೆ.

ಪ್ರಯೋಗಾಲಯದ ಕಾಗದ ಓದುವುದು ಹೇಗೆ

ಮನೆ ಪರೀಕ್ಷೆ ದಾರಿ ತೋರಿಸುತ್ತದೆ, ಎಷ್ಟು ಅಂತ ಹೇಳುವುದು ಪ್ರಯೋಗಾಲಯ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹಿರಿಯೂರಿನಲ್ಲಿ ಬಬ್ಬೂರು ಫಾರಂ ಕೃಷಿ ಸಂಶೋಧನಾ ಕೇಂದ್ರ ಇದೆ. ಮಣ್ಣು ಮಾತ್ರ ಕೊಟ್ಟು ಬರಬೇಡಿ, ನೀರನ್ನೂ ಕೊಡಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ, ಎಲ್ಲವೂ ಮಣ್ಣಿನವು. ನೀರಿನದ್ದು ನೀವೇ ಕೇಳಿ ಮಾಡಿಸಬೇಕು.

ನೀರು ಹಿಡಿಯುವ ಮೊದಲು ಮೋಟರು ಅರ್ಧ ಗಂಟೆ ಓಡಲಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕುತ್ತಿಗೆವರೆಗೆ ತುಂಬಿಸಿ. ಆ ದಿನವೇ ತಲುಪಿಸಿ. ಮಳೆಗಾಲದಲ್ಲಿ ಹಿಡಿದ ನೀರು ಸುಮ್ನೆ ಸಮಾಧಾನ ಕೊಡುತ್ತದೆ. ಏಪ್ರಿಲ್ ಕೊನೆಯಲ್ಲಿ ಹಿಡಿಯಿರಿ.

ಕಾಗದದಲ್ಲಿ ಮೂರು ಕಡೆ ಬೆರಳಿಡಿ. ಇಸಿ ಅಂದರೆ ಒಟ್ಟು ಉಪ್ಪು. 0.75ರ ಒಳಗಿದ್ದರೆ ಚಿಂತೆಯಿಲ್ಲ. 2.25ರವರೆಗೆ ಎಚ್ಚರದಿಂದ ಬಳಸಬೇಕು. ಅದಕ್ಕೂ ಮೇಲಾದರೆ ತೋಟಕ್ಕೆ ಆಗದ ನೀರು. ಕೆಲವು ಕಾಗದದಲ್ಲಿ ಇದೇ ಅಂಕಿ 750, 2250 ಅಂತ ಇರುತ್ತದೆ. ಎರಡನೆಯದು ಆರ್‌ಎಸ್‌ಸಿ, ಉಳಿಕೆ ಸೋಡಿಯಂ ಕಾರ್ಬೊನೇಟ್. ಅಂದರೆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಜೋಡಿಯಾಗಿ ಮಿಕ್ಕುಳಿದ ಸೋಡ. 1.25ರ ಒಳಗೆ ಸರಿ, 2.5 ದಾಟಿದರೆ ಮಣ್ಣು ಕೆಡುವುದು ಖಂಡಿತ. ನಮ್ಮ ಹೊಸ ಬೋರಿನದ್ದು 4.2 ಬಂತು. ಇಸಿ ಮಾತ್ರ 1.5 ಇತ್ತು. ಅಂದರೆ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರು ಅದ್ದಿ ನೋಡಿ ಪರವಾಗಿಲ್ಲ ಅನ್ನುವಂಥ ನೀರು. ಕೈಯಲ್ಲಿ ಹಿಡಿಯುವ ಮೀಟರು ಆರ್‌ಎಸ್‌ಸಿ ತೋರಿಸುವುದಿಲ್ಲ, ಇದನ್ನು ದಯವಿಟ್ಟು ನೆನಪಿಡಿ. ಮೂರನೆಯದು ಮಣ್ಣಿನ ಪಿಎಚ್. 8.5 ದಾಟಿದರೆ ಕರಲು. ನಮ್ಮದು 8.9.

ಇಸಿ 1.5 ಅಷ್ಟೇನೂ ಜಾಸ್ತಿ ಅಲ್ಲ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಆ ನೀರಿನ ಒಂದು ಲೀಟರಿನಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಲವಣ ಇದೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 540 ಮರ. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಅಂದರೆ ಎಕರೆಗೆ ಸುಮಾರು 10 ಸಾವಿರ ಲೀಟರ್. ವರ್ಷದಲ್ಲಿ 200 ದಿನ ನೀರು ಬಿಟ್ಟರೆ 20 ಲಕ್ಷ ಲೀಟರ್. ಎಕರೆಗೆ ವರ್ಷಕ್ಕೆ ಹತ್ತೊಂಬತ್ತು ಕ್ವಿಂಟಾಲಿನಷ್ಟು ಲವಣವನ್ನು ನಾವೇ ಬುಡಕ್ಕೆ ಸುರಿಯುತ್ತಿದ್ದೇವೆ. ಮರ ನೀರು ಕುಡಿಯುತ್ತದೆ, ಉಪ್ಪಿನ ಬಹುಪಾಲು ಅಲ್ಲೇ ಉಳಿಯುತ್ತದೆ. ಜೋರು ಮಳೆ ಬಂದು ಕೆಳಗೆ ತೊಳೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸರಿ ಮಾಡುವುದು

ಆರ್‌ಎಸ್‌ಸಿ ಜಾಸ್ತಿ, ಮಣ್ಣಿನ ಪಿಎಚ್ 8.5ರ ಮೇಲೆ, ಹೆಂಟೆ ಕದಡಿದೆ. ಮೂರೂ ಕೂಡಿದರೆ ಜಿಪ್ಸಂ. ಅದರ ಕ್ಯಾಲ್ಸಿಯಂ ಮಣ್ಣಿನಲ್ಲಿ ಕೂತ ಸೋಡಿಯಂ ಅನ್ನು ಬಿಡಿಸುತ್ತದೆ. ಆರ್‌ಎಸ್‌ಸಿ ಒಂದು ಅಂಕ ಇಳಿಯಲು ಸಾವಿರ ಲೀಟರಿಗೆ 86 ಗ್ರಾಂ ಶುದ್ಧ ಜಿಪ್ಸಂ ಬೇಕು. ನಮ್ಮ 4.2ನ್ನು 2ಕ್ಕೆ ಇಳಿಸಲು, 20 ಲಕ್ಷ ಲೀಟರಿಗೆ 380 ಕೆಜಿ. ಮಾರುಕಟ್ಟೆಯ ಜಿಪ್ಸಂ ಪೂರ್ತಿ ಶುದ್ಧ ಇರುವುದಿಲ್ಲ, ಹಾಗಾಗಿ ಎಕರೆಗೆ ವರ್ಷಕ್ಕೆ ನಾಲ್ಕೂವರೆಯಿಂದ ಐದು ಕ್ವಿಂಟಾಲ್ ಹಿಡಿದೆವು. ಮರಕ್ಕೆ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಮೇ ಕೊನೆಯಲ್ಲಿ ಅರ್ಧ, ಹಿಂಗಾರು ಮಳೆಗೆ ಮೊದಲು ಅರ್ಧ. ಬುಡದ ಸುತ್ತ ಹರಡಿ ಮೇಲ್ಮಣ್ಣಿನಲ್ಲಿ ಬೆರೆಸಬೇಕು. ಇದು ಬರುವ ನೀರಿಗೆ ಮಾತ್ರದ ಲೆಕ್ಕ. ಈಗಾಗಲೇ ಕೆಟ್ಟಿರುವ ಮಣ್ಣಿಗೆ ಇನ್ನೂ ಎಷ್ಟು ಬೇಕು ಅನ್ನುವುದನ್ನು ಪ್ರಯೋಗಾಲಯದವರೇ ಹೇಳಬೇಕು.

ಜಿಪ್ಸಂ ಹಾಕಿದ ಮೇಲೆ ಬಿಡಿಸಿಕೊಂಡ ಸೋಡಿಯಂ ಹೊರಗೆ ಹೋಗಲು ದಾರಿ ಬೇಕು. ತಗ್ಗಿನ ಅಂಚಿನಲ್ಲಿ ಎರಡೂವರೆ ಅಡಿ ಆಳದ ಬಸಿಗಾಲುವೆ ತೆಗೆಸಿದೆವು. ಬರೀ ಉಪ್ಪು ಜಾಸ್ತಿ ಇದ್ದು ಪಿಎಚ್ ಸರಿ ಇದ್ದರೆ ಜಿಪ್ಸಮ್ಮಿನಿಂದ ಪ್ರಯೋಜನ ಇಲ್ಲ. ಅಲ್ಲಿ ಬೇಕಾದ್ದು ಒಳ್ಳೆ ನೀರಿನಲ್ಲಿ ತೊಳೆಯುವುದು ಮತ್ತು ಬಸಿಯುವುದು.

ಗೊಬ್ಬರವೂ ಬದಲಾಗಬೇಕು. ಪಿಎಚ್ ಏರಿದ ಮಣ್ಣಿನ ಮೇಲೆ ಯೂರಿಯಾ ಎರಚಿದರೆ ಬಹಳಷ್ಟು ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಅಮೋನಿಯಂ ಸಲ್ಫೇಟ್ ವಾಸಿ. ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕಿ, ಅದರೊಳಗೇ ಜಿಪ್ಸಂ ಇರುತ್ತದೆ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆಜಿ ಕೊಟ್ಟಿಗೆ ಗೊಬ್ಬರ, 12 ಕೆಜಿ ಹಸಿರೆಲೆ. ಇದು ಅಡಿಕೆಗೆ ಶಿಫಾರಸು ಮಾಡಿದ ಪ್ರಮಾಣ. ಮೊದಲ ಮೂರನ್ನು ಎಲ್ಲರೂ ದುಪ್ಪಟ್ಟು ಹಾಕುತ್ತೇವೆ, ಕೊನೆಯ ಎರಡನ್ನು ಮರೆಯುತ್ತೇವೆ. ಸುಗ್ಗಿಯಲ್ಲಿ ಭೀಮಸಮುದ್ರ, ಚನ್ನಗಿರಿ ಕಡೆ ರಸ್ತೆ ಬದಿ ಅಡಿಕೆ ಸಿಪ್ಪೆ ರಾಶಿ ಬಿದ್ದು ಹೊಗೆಯಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಸಿಪ್ಪೆ ಬುಡಕ್ಕೆ ಮುಚ್ಚಿಗೆಯಾಗಬೇಕು. ಮುಚ್ಚಿಗೆ ಇದ್ದರೆ ನೆಲ ಬೆವರುವುದು ಕಡಿಮೆ, ಉಪ್ಪು ಮೇಲೇಳುವುದೂ ಕಡಿಮೆ.

ಡ್ರಿಪ್ ಇದ್ದವರಿಗೆ ಒಂದು ಮಾತು. ನೀರು ಹರಡಿದ ವೃತ್ತದ ಅಂಚಿನಲ್ಲಿ ಉಪ್ಪು ಬಂದು ಕೂರುತ್ತದೆ. ಮುಂಗಾರಿನ ಮೊದಲ ಸಣ್ಣ ಮಳೆ ಆ ಉಪ್ಪನ್ನು ಬೇರಿನ ಕಡೆಗೇ ತಳ್ಳುತ್ತದೆ. ಮಳೆ ಬಂತಲ್ಲ ಅಂತ ಮೋಟರು ನಿಲ್ಲಿಸಬೇಡಿ. ಜೋರು ಮಳೆ ಒಂದೆರಡು ಬೀಳುವವರೆಗೆ ಡ್ರಿಪ್ ಓಡಲಿ.

ನಮ್ಮ ತಗ್ಗಿನ ಸಾಲು ಎರಡು ಮಳೆಗಾಲ ತಗೊಂಡಿತು. ಪಿಎಚ್ ಈಗ 8.3. ಆದರೆ ಸುಳಿ ಸಣ್ಣಗಾಗಿದ್ದ 40 ಮರ ಬರಲೇ ಇಲ್ಲ, ಕಡಿದೆವು.

ಮೂಲದ ದೋಷ

ಇದನ್ನು ಹೇಳದೆ ಬಿಟ್ಟರೆ ಕೈಪಿಡಿ ಅರ್ಧವೇ. ಮೇಲೆ ಹೇಳಿದ 20 ಲಕ್ಷ ಲೀಟರ್ ಅಂದರೆ ಒಂದು ಎಕರೆ ಮೇಲೆ ಸುಮಾರು 500 ಮಿ.ಮೀ. ನೀರು ನಿಲ್ಲಿಸಿದಷ್ಟು. ಚಿತ್ರದುರ್ಗ ಜಿಲ್ಲೆಯ ವರ್ಷದ ಮಳೆಯೇ 600 ಮಿ.ಮೀ. ಆಸುಪಾಸು. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ಅದರ ಹತ್ತರಲ್ಲಿ ಒಂದು ಪಾಲು ಅಂತರ್ಜಲಕ್ಕೆ ಸೇರುತ್ತದೆ ಅಂತ ಹಿಡಿದರೆ 60 ಮಿ.ಮೀ. ಅಂದರೆ ಒಂದು ಎಕರೆ ಅಡಿಕೆ, ಎಂಟು ಎಕರೆ ಮೇಲೆ ಬಿದ್ದು ಇಂಗಿದ ಮಳೆಯನ್ನು ಕುಡಿಯುತ್ತದೆ. ಅಪ್ಪ ಇದೇ ಹೊಲದಲ್ಲಿ ಸೇಂಗಾ, ರಾಗಿ ಬೆಳೆಯುತ್ತಿದ್ದಾಗ ಮಳೆಯೇ ಸಾಕಾಗುತ್ತಿತ್ತು. ಊರಿನ ಎಂಟು ಎಕರೆಯಲ್ಲಿ ಒಂದು ಎಕರೆ ಅಡಿಕೆ ಇದ್ದರೆ ಲೆಕ್ಕ ಸರಿಹೋದೀತು. ಈಗ ಸುತ್ತ ಕಣ್ಣು ಹಾಯಿಸಿದರೆ ಅಡಿಕೆಯೇ. ಇಂಗುವುದಕ್ಕಿಂತ ಜಾಸ್ತಿ ಎತ್ತುವ ತಾಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಗೆ ಸೇರಿಸುತ್ತದೆ. ನಮ್ಮ ಜಿಲ್ಲೆಯ ಹಲವು ತಾಲೂಕು ಆ ಪಟ್ಟಿಯಲ್ಲಿವೆ.

1933ರ ನಂತರ ಮೊದಲ ಸಲ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ನಾವೆಲ್ಲ ಹೋಗಿ ಕೈಮುಗಿದು ಬಂದೆವು. ಆ ಧೈರ್ಯದಲ್ಲೇ ನಮ್ಮ ಪರಿಚಯದವರು ಮತ್ತೆ ಹೊಸ ಸಸಿ ಇಟ್ಟರು. ಒಂದು ಒಳ್ಳೆ ವರ್ಷ ನೋಡಿ ಮೂವತ್ತು ವರ್ಷ ನಿಲ್ಲುವ ಮರ ನೆಡುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಕಡಿದ 40 ಮರದ ಜಾಗದಲ್ಲಿ ನಾವು ಮತ್ತೆ ಅಡಿಕೆ ಇಡಲಿಲ್ಲ. ಅಲ್ಲಿ ಕೃಷಿಹೊಂಡ ತೆಗೆಸಿದೆವು. ಹೊಂಡದ ಮಳೆನೀರನ್ನು ಬೋರಿನ ನೀರಿಗೆ ಬೆರೆಸಿ ಬಿಡುತ್ತೇವೆ. ಬೆರೆಸಿದಾಗ ಆರ್‌ಎಸ್‌ಸಿಯೂ ಇಳಿಯುತ್ತದೆ.

ನಿಮ್ಮದು ಬೇರೆ ನೆಲವಾದರೆ

ಹರಿಹರ, ಮಲೇಬೆನ್ನೂರು ಕಡೆ ಭದ್ರಾ ನಾಲೆಯ ಗದ್ದೆಯಲ್ಲಿ ಅಡಿಕೆ ಇಟ್ಟವರ ದೋಷ ಇದಕ್ಕೆ ತಿರುಗಾಮುರುಗಾ. ಅಲ್ಲಿ ನೀರು ಜಾಸ್ತಿ. ಮೂರು ಅಡಿ ಗುಂಡಿ ತೋಡಿ ಒಂದು ರಾತ್ರಿ ಬಿಡಿ. ಬೆಳಗ್ಗೆ ತಳದಲ್ಲಿ ನೀರು ನಿಂತಿದ್ದರೆ, ಬೇರು ಕಪ್ಪಾಗಿ ಕೊಳೆತ ವಾಸನೆ ಬಂದರೆ, ಬಸಿಗಾಲುವೆ ಮೊದಲು. ಮಿಕ್ಕಿದ್ದೆಲ್ಲ ಆಮೇಲೆ.

ಜಗಳೂರು, ದಾವಣಗೆರೆ ಕಡೆ ವರ್ಷಾನುವರ್ಷ ಮೆಕ್ಕೆಜೋಳವನ್ನೇ ಬೆಳೆದ ಹೊಲದಲ್ಲಿ ಎಳೆ ಗರಿಯ ಬುಡದಲ್ಲಿ ನಡುದಿಂಡಿನ ಎರಡೂ ಬದಿ ಬಿಳಿ ಪಟ್ಟೆ ಕಂಡರೆ ಸತುವಿನ ಕೊರತೆ. ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಕೊಡಿ, ಡಿಎಪಿ ಜೊತೆ ಬೆರೆಸಬೇಡಿ. ಮಣ್ಣಿನ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ನಡುವೆ ತೊಗರಿ ಸಾಲು ಬರಲಿ.

ಅದೇ ನೀರು ಮನೆಗೂ ಬರುತ್ತಿದ್ದರೆ

ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಸುಲಭವಾಗಿ ಕರಗಿ ನಿಲ್ಲುತ್ತದೆ. ತೋಟ ಕೆಡಿಸುವ ನೀರು ಹಲ್ಲು, ಮೂಳೆಯನ್ನೂ ಕೆಡಿಸಬಲ್ಲದು. ಮನೆಯ ಮಕ್ಕಳ ಮುಂದಿನ ಹಲ್ಲಿನ ಮೇಲೆ ಅಡ್ಡಕ್ಕೆ ಸುಣ್ಣದಂಥ ಬಿಳಿ ಅಥವಾ ಕಂದು ಗೆರೆ ಇದೆಯಾ ನೋಡಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೂ 1.5 ದಾಟಬಾರದು. ಗೊಬ್ಬರ ಇಳಿದು ಸೇರುವ ನೈಟ್ರೇಟ್ 45ರ ಒಳಗಿರಬೇಕು. ಕುದಿಸಿದರೆ ಇವೆರಡೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಗಟ್ಟಿಯಾಗುತ್ತವೆ.

ಹಾಗಾಗಿ ಏಪ್ರಿಲ್ಲಿನಲ್ಲಿ ಮೋಟರು ಅರ್ಧ ಗಂಟೆ ಓಡಿಸಿದ ಮೇಲೆ ಎರಡು ಬಾಟಲಿ ಹಿಡಿಯಿರಿ. ಒಂದರ ಮೇಲೆ "ತೋಟ: ಇಸಿ, ಪಿಎಚ್, ಆರ್‌ಎಸ್‌ಸಿ" ಅಂತ ಬರೆಯಿರಿ. ಇನ್ನೊಂದರ ಮೇಲೆ "ಕುಡಿಯಲು: ಫ್ಲೋರೈಡ್, ನೈಟ್ರೇಟ್". ಬೋರಿನ ಆಳ, ಕೊರೆಸಿದ ವರ್ಷ, ಹಿಡಿದ ತಾರೀಖು ಮೂರನ್ನೂ ಎರಡರ ಮೇಲೂ ಬರೆದು ಕಳಿಸಿ.